ತವರಿನ ಜಾಜಿ ನಮ್ಮ ಗೇಟಿಗೆ ಬಂತು

ತೀರ್ಥಹಳ್ಳಿ ಹತ್ತಿರದ ನನ್ನ ತವರುಮನೆಯ ಬಾವಿಕಟ್ಟೆ ಪಕ್ಕ ಒಂದು ಹಳೇ ಜಾಜಿ ಬಳ್ಳಿ ಇದೆ. ಸಂಜೆಯಾದರೆ ಅಂಗಳವೆಲ್ಲ ಘಮ್ ಅನ್ನುತ್ತೆ. ಅದೇ ಬಳ್ಳಿ ಶಿವಮೊಗ್ಗದ ನಮ್ಮ ಮನೆ ಗೇಟಿನ ಮೇಲೂ ಹಬ್ಬಬೇಕು ಅಂತ ನನಗೆ ತುಂಬಾ ಆಸೆ.

ಎರಡು ವರ್ಷ ಕಡ್ಡಿ ತಂದು ನೆಟ್ಟೆ. ಎರಡು ಸಲವೂ ಹೋಯ್ತು. ಹದಿನೈದು ದಿನಕ್ಕೆ ಪುಟ್ಟ ಚಿಗುರು ಬಂದಿತ್ತು. ಖುಷಿಯಿಂದ ಬಿಸಿಲಿಗಿಟ್ಟೆ, ವಾರದಲ್ಲಿ ಬಾಡಿತು. ಕಿತ್ತು ನೋಡಿದರೆ ಬುಡ ಕಪ್ಪಗಾಗಿ ಕೊಳೆತಿತ್ತು, ಒಂದೇ ಒಂದು ಬೇರಿಲ್ಲ. ಕಡ್ಡಿ ತನ್ನೊಳಗೆ ಉಳಿದ ಆಹಾರದಲ್ಲೇ ಚಿಗುರಿಬಿಡುತ್ತೆ. ಚಿಗುರು ಕಂಡಿತು ಅಂದರೆ ಬೇರು ಬಂತು ಅಂತಲ್ಲ.

ಮೂರನೇ ವರ್ಷ ಅಮ್ಮ ಕತ್ತರಿ ಮುಟ್ಟೋಕೇ ಬಿಡಲಿಲ್ಲ. "ಅವಸರ ಮಾಡ್ಬೇಡ ಮಾರಾಯ್ತಿ, ತಾಯಿ ಹತ್ರಾನೇ ಬೇರು ಬಿಡ್ಲಿ" ಅಂದರು.

ಆರಿದ್ರಾ ಮಳೆ ಶುರುವಾಗಿತ್ತು. ಕೆಮ್ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ ಒಂದು ಕುಂಡ ತುಂಬಿ ಬಳ್ಳಿ ಬುಡದಲ್ಲೇ ಇಟ್ಟೆವು. ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ, ಪೆನ್ಸಿಲ್‌ಗಿಂತ ಸಪೂರದ ಒಂದು ಎಳೆ ಆರಿಸಿದೆವು. ಬಗ್ಗಿಸಿದರೆ ಮುರಿಯದೆ ಬಾಗಬೇಕು, ಅದೇ ಪರೀಕ್ಷೆ. ಮಣ್ಣಿಗೆ ತಾಗುವ ಕಡೆ ಗಿಣ್ಣಿನ ಕೆಳಗೆ ಬ್ಲೇಡಿನಲ್ಲಿ ಓರೆಯಾಗಿ ಒಂದು ಇಂಚು ಸೀಳಿದೆ. ಸೀಳು ಮತ್ತೆ ಕೂಡಿಕೊಳ್ಳದ ಹಾಗೆ ನಡುವೆ ಬೆಂಕಿಕಡ್ಡಿಯ ಚೂರು ಇಟ್ಟೆ. ಎಲೆಯಿಂದ ಬುಡದ ಕಡೆ ಇಳಿಯುವ ಆಹಾರ ಆ ಗಾಯದ ಹತ್ತಿರ ನಿಲ್ಲುತ್ತೆ, ಬೇರು ಅಲ್ಲೇ ಒಡೆಯುತ್ತೆ. ನೀರು ಮಾತ್ರ ತಾಯಿ ಬಳ್ಳಿಯಿಂದ ಬರುತ್ತಲೇ ಇರುತ್ತೆ, ಹಾಗಾಗಿ ಬಾಡುವ ಭಯವಿಲ್ಲ. ಎರಡು ಇಂಚು ಮಣ್ಣು ಮುಚ್ಚಿ, ಮೇಲೊಂದು ಚಪ್ಪಟೆ ಕಲ್ಲು ಹೇರಿ, ತುದಿಯನ್ನು ಮೇಲೆತ್ತಿ ಕೋಲಿಗೆ ಕಟ್ಟಿದೆವು.

ಮಳೆಗಾಲ ಪೂರ್ತಿ ಅದನ್ನು ಮುಟ್ಟಲಿಲ್ಲ. ಉತ್ತರೆ ಮಳೆ ಹೊತ್ತಿಗೆ ಕಲ್ಲು ಸರಿಸಿ ಬೆರಳಿನಲ್ಲಿ ಮಣ್ಣು ಬಿಡಿಸಿದೆ. ಸೀಳಿನ ಅಂಚಿನಿಂದ ಬಿಳೀ ಬೇರುಗಳು ಗೊಂಚಲಾಗಿ ಇಳಿದಿದ್ದವು! ಆದರೂ ಒಮ್ಮೆಲೇ ಕತ್ತರಿಸಲಿಲ್ಲ. ತಾಯಿ ಕಡೆಯ ಎಳೆಯನ್ನು ಮೊದಲು ಅರ್ಧ ಕೊಯ್ದು, ವಾರ ಬಿಟ್ಟು ಪೂರ್ತಿ ಬಿಡಿಸಿದೆವು. ಬಸ್ಸಿನಲ್ಲಿ ಕುಂಡ ತೊಡೆ ಮೇಲಿಟ್ಟುಕೊಂಡೇ ತಂದೆ. ಮೊದಲೆರಡು ವಾರ ನೆರಳಲ್ಲೇ ಇತ್ತು.

ಎಲ್ಲಾ ಬಳ್ಳಿಗೂ ಇಷ್ಟು ಕಾಯಬೇಕಿಲ್ಲ. ಶಂಖಪುಷ್ಪದ ಬೀಜ ರಾತ್ರಿ ನೆನೆಹಾಕಿ ಬಿತ್ತಿದರೆ ಸಾಕು. ರಂಗೂನ್ ಬಳ್ಳಿ ಬೇರಿನಿಂದಲೇ ಮರಿ ಹಾಕುತ್ತೆ, ಅಗೆದು ತಂದು ನೆಟ್ಟರಾಯಿತು. ಜಾಜಿಗೆ ಮಾತ್ರ ಈಗ ನಾನು ಬೇರೆ ದಾರಿ ಹುಡುಕುವುದಿಲ್ಲ.

ಬಳ್ಳಿ ಈಗ ಗೇಟಿನ ಕಮಾನು ದಾಟಿದೆ. ಪಕ್ಕದ ಮನೆ ಅಕ್ಕನಿಗೆ ಅಂತ ಈ ಮಳೆಗಾಲ ಒಂದು ಎಳೆ ಬಗ್ಗಿಸಿಟ್ಟಿದ್ದೇನೆ. ಕಲ್ಲು ಇನ್ನೂ ತೆಗೆದಿಲ್ಲ.