ಪೋಸ್ಟ್‌ಗ್ರೆಸ್ ಅನ್ನು ನಾನೇ ಕಂಪೈಲ್ ಮಾಡಿಕೊಂಡ ಬಗೆ

ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ಸಿದ್ಧ ಪ್ಯಾಕೇಜು ಒಂದೇ ಕಮಾಂಡಿಗೆ ದೊರೆಯುವಾಗ ಸೋರ್ಸ್ ಕೋಡ್ ಇಳಿಸಿಕೊಂಡು ಕಂಪೈಲ್ ಮಾಡಲು (ಯಂತ್ರ ಓಡಿಸಬಲ್ಲ ಬೈನರಿಯಾಗಿ ಬದಲಿಸಲು) ನನಗಿದ್ದ ಕಾರಣ ವೇಗವಲ್ಲ. ನಾನು ಬಳಸುತ್ತಿದ್ದ ಸರ್ವರ್‌ನಲ್ಲಿ ನನಗೆ ರೂಟ್ (ಇಡೀ ಯಂತ್ರವನ್ನು ನಿಯಂತ್ರಿಸುವ) ಅಧಿಕಾರವಿರಲಿಲ್ಲ; ಅಲ್ಲಿದ್ದ ಲಿನಕ್ಸ್ ಒದಗಿಸುತ್ತಿದ್ದ ಆವೃತ್ತಿಯೋ ತೀರ ಹಳೆಯದು. ಪ್ರಿಫಿಕ್ಸ್ ಅನ್ನು, ಅಂದರೆ ಇನ್‌ಸ್ಟಾಲ್ ಆಗುವ ಜಾಗವನ್ನು, ನನ್ನ ಹೋಮ್ ಡೈರೆಕ್ಟರಿಗೆ ಕೊಟ್ಟರೆ ಸಿಸ್ಟಮ್ ಫೈಲುಗಳನ್ನು ಮುಟ್ಟದೆಯೇ ಹೊಸ ಆವೃತ್ತಿಯನ್ನು ನಡೆಸಬಹುದಿತ್ತು. ರೂಟ್ ಆಗಿ ಓಡಲು ಪೋಸ್ಟ್‌ಗ್ರೆಸ್ ತಾನೇ ಒಪ್ಪುವುದಿಲ್ಲವಾದ್ದರಿಂದ ಆ ಅಧಿಕಾರದ ಕೊರತೆ ಎಲ್ಲೂ ಅಡ್ಡ ಬರಲಿಲ್ಲ.

ಆಯ್ಕೆಗಳನ್ನು ಹೊಂದಿಸುವ ಕಾನ್ಫಿಗರ್, ಕಟ್ಟುವ ಮೇಕ್, ಪರೀಕ್ಷಿಸುವ ಮೇಕ್ ಚೆಕ್, ಜಾಗದಲ್ಲಿ ಕೂರಿಸುವ ಮೇಕ್ ಇನ್‌ಸ್ಟಾಲ್: ಕೆಲಸ ಇಷ್ಟೇ. ತಲೆ ಕೆಡಿಸಿಕೊಳ್ಳಬೇಕಾದದ್ದು ಕಾನ್ಫಿಗರ್‌ಗೆ ಕೊಡುವ ಆಯ್ಕೆಗಳ ಬಗ್ಗೆ, ಏಕೆಂದರೆ ಪ್ಯಾಕೇಜು ಕಟ್ಟುವವರು ಸಾಮಾನ್ಯವಾಗಿ ಸೇರಿಸಿಯೇ ಇಡುವ ಓಪನ್‌ಎಸ್‌ಎಸ್‌ಎಲ್ (ಗೂಢಲಿಪೀಕರಣ), ಎಲ್‌ಝಡ್4 (ಡೇಟಾ ಸಂಕೋಚನ), ಸಿಸ್ಟಮ್‌ಡಿ (ಸೇವೆಗಳ ನಿರ್ವಹಣೆ) ಮುಂತಾದವುಗಳನ್ನು ನಾವು ಕೇಳದಿದ್ದರೆ ಅವಿಲ್ಲದೆಯೇ ಸರ್ವರ್ ಸದ್ದಿಲ್ಲದೆ ಸಿದ್ಧವಾಗಿಬಿಡುತ್ತದೆ. 15ನೆಯ ಆವೃತ್ತಿಯವರೆಗೆ ಹಲವು ಭಾಷೆಗಳ ಪಠ್ಯವನ್ನು ನಿಭಾಯಿಸುವ ಲೈಬ್ರರಿಯಾದ ಐಸಿಯು ಕೂಡ ಕೇಳಿದರೆ ಮಾತ್ರ ಬರುತ್ತಿತ್ತು; 16ರಿಂದ ತಾನಾಗಿಯೇ ಸೇರುತ್ತದೆ. ಕನ್ನಡದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವವರಿಗೆ ಇದು ಸಣ್ಣ ವಿಷಯವಲ್ಲ: ಐಸಿಯು ಇಲ್ಲದಿದ್ದರೆ ಅದರ ಕನ್ನಡ ಕೊಲೇಷನ್ (ಜೋಡಣೆಯ ನಿಯಮ) ಸಿಗುವುದಿಲ್ಲ, ಜೋಡಣೆಗೆ ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯನ್ನೇ ನೆಚ್ಚಬೇಕಾಗುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಜೋಡಣೆಯ ಕ್ರಮವನ್ನೇ ಬದಲಿಸಿದ್ದರಿಂದ ಪಠ್ಯದ ಕಾಲಮ್‌ಗಳ ಇಂಡೆಕ್ಸ್‌ಗಳನ್ನು (ಹುಡುಕಾಟದ ಸೂಚಿಗಳನ್ನು) ಮರಳಿ ಕಟ್ಟಬೇಕಾಗಿ ಬಂದಿತ್ತು. ಸಿದ್ಧ ಬೈನರಿ ಓಡುತ್ತಿರುವ ಬೇರೊಂದು ಯಂತ್ರದಲ್ಲಿ ಪಿಜಿ_ಕಾನ್ಫಿಗ್ ಎಂಬ ವ್ಯೂ ತೆರೆದು, ಅದನ್ನು ಕಟ್ಟಿದವರು ಕೊಟ್ಟ ಆಯ್ಕೆಗಳನ್ನು ನೋಡಿ, ನನಗೆ ಬೇಕಾದವನ್ನು ಹಾಗೆಯೇ ಎತ್ತಿಕೊಂಡೆ.

ಡೇಟಾವನ್ನು ಡಿಸ್ಕಿನಲ್ಲಿ ಇಡುವ ತುಣುಕಿನ, ಅಂದರೆ ಬ್ಲಾಕ್‌ನ, ಗಾತ್ರವನ್ನು ಮಾತ್ರ 8 ಕೆಬಿಯಲ್ಲೇ ಉಳಿಸಿದೆ. ಅದನ್ನು ಕಂಪೈಲ್ ಮಾಡುವಾಗಲಷ್ಟೇ ಬದಲಿಸಬಹುದು. 32 ಕೆಬಿಯಲ್ಲಿ ಆರಂಭಿಸಿದ ಡೇಟಾ ಡೈರೆಕ್ಟರಿಯನ್ನು ಸಿದ್ಧ ಬೈನರಿ ತೆರೆಯುವುದೇ ಇಲ್ಲ, ಆಮೇಲೆ ಡಂಪ್ (ಡೇಟಾದ ಪೂರ್ಣ ಪ್ರತಿ) ತೆಗೆದು ಮರಳಿ ತುಂಬಿಸಬೇಕಾಗುತ್ತದೆ.

ನಿಜವಾದ ಹೊರೆ ಶುರುವಾಗುವುದು ಆಮೇಲೆ. ಪೋಸ್ಟ್‌ಗ್ರೆಸ್‌ನ ಕಿರು ಆವೃತ್ತಿಗಳು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳಲ್ಲಿ ಬರುತ್ತವೆ, ಭದ್ರತೆಯ ತಿದ್ದುಪಡಿಗಳು ಬಹುಪಾಲು ಅವುಗಳಲ್ಲೇ ಇರುತ್ತವೆ. ಡೇಟಾ ಡಂಪ್ ಮಾಡುವ ಅಗತ್ಯವಿಲ್ಲವೆಂಬುದು ನಿಜ, ಆದರೆ ಪ್ರಕಟಣೆಯ ಮೇಲೆ ಕಣ್ಣಿಟ್ಟು ಪ್ರತಿ ಸಲವೂ ಕಂಪೈಲ್ ಮಾಡಿ, ಪರೀಕ್ಷಿಸಿ, ಸರ್ವರ್ ನಿಲ್ಲಿಸಿ ಬೈನರಿ ಬದಲಿಸುವವರು ನಾವೇ. ಮುಖ್ಯ ಆವೃತ್ತಿ ಬದಲಾದಾಗ ಭೂಪಟದ ಡೇಟಾಕ್ಕಾಗಿರುವ ಪೋಸ್ಟ್‌ಜಿಐಎಸ್‌ನಂಥ ಎಕ್ಸ್‌ಟೆನ್ಷನ್‌ಗಳನ್ನೂ (ಹೆಚ್ಚುವರಿ ಸೇರ್ಪಡೆಗಳನ್ನೂ) ಹೊಸದಾಗಿ ಕಟ್ಟಬೇಕು.

ಆದ್ದರಿಂದ ರೂಟ್ ಅಧಿಕಾರ ಇರುವ ಕಡೆ ನಾನು ಪೋಸ್ಟ್‌ಗ್ರೆಸ್ ಸಮುದಾಯದ್ದೇ ಆದ ಪಿಜಿಡಿಜಿ ಪ್ಯಾಕೇಜುಗಳನ್ನು ಬಳಸುತ್ತೇನೆ. ಹಳೆಯ ಲಿನಕ್ಸ್‌ಗೂ ಹೊಸ ಆವೃತ್ತಿ ಅಲ್ಲಿ ಸಿಗುವುದರಿಂದ ನನ್ನ ಮೂಲ ಕಾರಣವೇ ಅರ್ಧ ಕರಗಿಹೋಗುತ್ತದೆ. ಈಗ ಕಂಪೈಲ್ ಮಾಡುವುದು ಪರೀಕ್ಷೆಯ ಯಂತ್ರದಲ್ಲಿ ಮಾತ್ರ, ಅದೂ ಕೋಡ್ ತನ್ನ ನಿರೀಕ್ಷೆಗಳನ್ನು ಓಡುವಾಗಲೇ ಪರೀಕ್ಷಿಸಿಕೊಳ್ಳುವ ಅಸರ್ಷನ್ ತಪಾಸಣೆಯನ್ನು ಸೇರಿಸಿಕೊಂಡು. ಅಸರ್ಷನ್ ತಪಾಸಣೆ ಸರ್ವರ್ ಅನ್ನು ಬಹಳ ನಿಧಾನ ಮಾಡುವುದರಿಂದ ನಿತ್ಯದ ಬಳಕೆಗೆ ಅದು ಒಗ್ಗುವುದಿಲ್ಲ, ಆದರೆ ಸಿ ಭಾಷೆಯಲ್ಲಿ ಬರೆದ ನನ್ನ ಎಕ್ಸ್‌ಟೆನ್ಷನ್‌ಗಳನ್ನು ಅದಿಲ್ಲದೆ ಹೊರಗೆ ಬಿಡಲು ನನಗೆ ಧೈರ್ಯವಿಲ್ಲ.