ಯುರೇನಿಯಂ ಕಿರಣ ಹಾಳೆ ದಾಟುವಾಗ ಚಾರ್ಜ್ ಲೆಕ್ಕ ಹಾಕುವುದು ಹೇಗೆ

ತೆಳು ಕಾರ್ಬನ್ ಹಾಳೆಯೊಳಗೆ ಕಿರಣದ ಯುರೇನಿಯಂ ಅಯಾನು (ಚಾರ್ಜ್ ಇರುವ ಪರಮಾಣು) ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಮತ್ತೆ ಹಿಡಿದುಕೊಳ್ಳುತ್ತದೆ. ಒಂದೊಂದು ಚಾರ್ಜಿಗೂ ಆ ಚಾರ್ಜಿನ ಅಯಾನುಗಳ ಪಾಲು ಇಡಿ, ಒಟ್ಟು 1 ಆಗಬೇಕು. ಹಾಳೆಯನ್ನು ತೆಳು ಪದರಗಳಾಗಿ ಭಾಗಿಸಿ, ಒಂದು ಪದರ ಒಂದು ಹೆಜ್ಜೆ; ಪ್ರತಿ ಹೆಜ್ಜೆಗೂ ಅಕ್ಕಪಕ್ಕದ ಚಾರ್ಜಿನಿಂದ ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆಯಿರಿ. ಹೆಜ್ಜೆ ಎಷ್ಟು ಚಿಕ್ಕದು? ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ ಕಾರ್ಬನ್ ಅಂದ್ರೆ ಸುಮಾರು 5×10¹⁹ ಪರಮಾಣು. ಕ್ರಾಸ್ ಸೆಕ್ಷನ್ (ಒಂದು ಪರಮಾಣುವಿನಿಂದ ಎಲೆಕ್ಟ್ರಾನ್ ಹೋಗುವ ಅಥವಾ ಬರುವ ಸಾಧ್ಯತೆಯ ಅಳತೆ) 10⁻²⁰ ಚದರ ಸೆಂಟಿಮೀಟರ್ ಇದ್ದರೆ ಗುಣಿಸಿದಾಗ 0.5 ಬರುತ್ತದೆ; ಒಂದೇ ಹೆಜ್ಜೆಗೆ ಅದು ಜಾಸ್ತಿ, ಹಾಗಾಗಿ ಹಾಳೆಯನ್ನು ಕನಿಷ್ಠ 50 ಪದರ ಮಾಡಿ, ಪದರಕ್ಕೆ 0.01 ಆಗುತ್ತದೆ.

ಜಾಸ್ತಿ ತಪ್ಪಾಗುವುದು ವೇಗದಲ್ಲಿ. ಕಿರಣ ನಿಧಾನವಾದಂತೆ ಎಲೆಕ್ಟ್ರಾನ್ ಹಿಡಿಯುವುದು ಬಹಳ ಏರುತ್ತದೆ, ಅಲ್ವಾ? ಪ್ರತಿ ಪದರಕ್ಕೂ ಕ್ರಾಸ್ ಸೆಕ್ಷನ್ ಹೊಸದಾಗಿ ಹಾಕಿ. ಕೊನೆಗೆ ಬೇರೆ ಬೇರೆ ಆರಂಭದ ಚಾರ್ಜಿನಿಂದ ಓಡಿಸಿ ನೋಡಿ: ದಪ್ಪ ಹಾಳೆಯಲ್ಲಿ ಎಲ್ಲವೂ ಒಂದೇ ಹಂಚಿಕೆಗೆ ಬರಬೇಕು.