ಮ್ಯಾಗಜಿನ್ ಬದಲಿಸುವಾಗ ಕಣ್ಣು ಗುರಿಯ ಕಡೆಗೇ ಇರಲಿ

ಎನ್‌ಸಿಸಿ ಕ್ಯಾಂಪ್‌ನ ಫೈರಿಂಗ್ ರೇಂಜ್‌ನಲ್ಲಿ ಗುರಿ ತಪ್ಪಿದವರಿಗಿಂತ ರೈಫಲ್‌ಗೆ ಮ್ಯಾಗಜಿನ್, ಅಂದರೆ ಗುಂಡು ತುಂಬಿದ ಡಬ್ಬಿ, ಹಾಕಲು ಒದ್ದಾಡಿದವರೇ ಜಾಸ್ತಿ ಬೈಸಿಕೊಳ್ಳುವುದು. ಕೈ ಪೌಚ್‌ನಲ್ಲಿ ತಡಕಾಡುತ್ತದೆ. ಮ್ಯಾಗಜಿನ್ ಹಿಂದುಮುಂದಾಗಿ ಬರುತ್ತದೆ. ಅದನ್ನು ತಿರುಗಿಸುವ ಗಡಿಬಿಡಿಯಲ್ಲಿ ಬ್ಯಾರೆಲ್ ಪಕ್ಕದವರ ಕಡೆ ಹೊರಳುತ್ತದೆ. ತರಬೇತಿ ಕೊಡುವ ಉಸ್ತಾದರು ಕೂಗದೆ ಇನ್ನೇನು ಮಾಡುತ್ತಾರೆ? ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಕ್ಯಾಂಪ್‌ಗೆ ತಯಾರಾಗುತ್ತಿರುವ ಕೆಡೆಟ್‌ಗಳು ಒಂದು ವಿಷಯ ನೆನಪಿಡಬೇಕು: ಬೇಗ ಬದಲಿಸುವವರ ಅರ್ಧ ಕೆಲಸ ಪೌಚ್ ತುಂಬುವಾಗಲೇ ಮುಗಿದಿರುತ್ತದೆ.

ಮೊದಲು ಗುಂಡು ತುಂಬುವುದು. ಕೆಡೆಟ್‌ಗಳ ಕೈಗೆ ಮೊದಲು ಬರುವುದು ಪಾಯಿಂಟ್ ಟೂ ಟೂ ಬೋಲ್ಟ್ ರೈಫಲ್. ಇದರ ಗುಂಡಿನ ಬುಡದಲ್ಲಿ ಅಂಚು ಹೊರಚಾಚಿರುತ್ತದೆ. ಮೇಲಿನ ಗುಂಡಿನ ಅಂಚು ಕೆಳಗಿನ ಗುಂಡಿನ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಬಿದ್ದರೆ ಒಂದಕ್ಕೊಂದು ಸಿಕ್ಕಿಕೊಂಡು ಗುಂಡು ಮೇಲೆ ಬರುವುದೇ ಇಲ್ಲ. ರೈಫಲ್ ಕೆಟ್ಟಿದೆ ಅಂತ ದೂರುವ ಮುಂಚೆ ಇದನ್ನು ನೋಡಿ. ಸೇನೆಯ 5.56 ಮಿ.ಮೀ. ಇನ್ಸಾಸ್ ರೈಫಲ್ ಸಿಕ್ಕರೆ ಈ ತಾಪತ್ರಯವಿಲ್ಲ. ಗುಂಡನ್ನು ನೇರವಾಗಿ ಕೆಳಗೆ ಒತ್ತಿ, ಹಿಂದಕ್ಕೆ ಸರಿಸಿದರೆ ಸಾಕು. ಅದರ ಮ್ಯಾಗಜಿನ್ 20 ಗುಂಡಿನದು. ಒಳಗೆ ಎಷ್ಟು ಉಳಿದಿದೆ ಅಂತ ಕಾಣುವಂಥ ಪ್ಲಾಸ್ಟಿಕ್. ಎಷ್ಟೇ ಹಿಡಿಯಲಿ, ರೇಂಜ್‌ನಲ್ಲಿ ಹೇಳಿದಷ್ಟೇ ತುಂಬಬೇಕು.

ಇನ್ನು ಪೌಚ್. ಬಲಗೈಯಲ್ಲಿ ಟ್ರಿಗರ್ ಒತ್ತುವವರಿಗೆ ಪೌಚ್ ಎಡ ಸೊಂಟದಲ್ಲಿರಬೇಕು. ಹೊಟ್ಟೆಯ ಮುಂದೆ ಕಟ್ಟಿದರೆ ಮಲಗಿದಾಗ ಒತ್ತುತ್ತದೆ. ಮ್ಯಾಗಜಿನ್ನಿನ ಬಾಯಿ ಕೆಳಗೆ, ಗುಂಡಿನ ಮೂತಿ ಮುಂದೆ. ಎಲ್ಲವೂ ಒಂದೇ ದಿಕ್ಕಿಗೆ. ಹೀಗಿಟ್ಟರೆ ನಮ್ಮ ಕಡೆಯ ಕೆಂಪು ಧೂಳು, ಜಿಟಿಜಿಟಿ ಮಳೆ ಒಳಗೆ ಹೋಗುವುದಿಲ್ಲ. ಕೈ ಹಾಕಿದಾಗ ತೋರುಬೆರಳು ತಾನಾಗಿ ಮ್ಯಾಗಜಿನ್ನಿನ ಮುಂಭಾಗಕ್ಕೆ ಬರುತ್ತದೆ. ಖಾಲಿಯಾದದ್ದನ್ನು ತುಂಬಿದವುಗಳ ಜೊತೆ ಹಾಗೇ ಸೇರಿಸಬೇಡಿ. ಬೇರೆ ಜೇಬಿಗೆ ಹಾಕಿ, ಇಲ್ಲವೇ ಬಾಯಿ ಮೇಲೆ ಮಾಡಿ ಇಡಿ. ಮುಟ್ಟಿದರೇ ಗೊತ್ತಾಗುತ್ತದೆ.

ಬದಲಿಸುವ ಕ್ರಮವನ್ನು ಡಮ್ಮಿ ಗುಂಡಿನಲ್ಲಿ, ಉಸ್ತಾದರ ಎದುರಿನಲ್ಲೇ ಕಲಿಯಬೇಕು. ಮೊದಲು ಬೆರಳು ಟ್ರಿಗರ್‌ನಿಂದ ಹೊರಗೆ ಬರಲಿ, ಸೇಫ್ಟಿ ಹಾಕಿ. ರೈಫಲ್‌ನ ಹಿಂತುದಿ, ಅಂದರೆ ಬಟ್, ಭುಜದಲ್ಲೇ ಇರಲಿ, ಬ್ಯಾರೆಲ್ ಗುರಿಯ ಕಡೆಗೇ. ಎಡಗೈಯಲ್ಲಿ ಹಳೆಯದನ್ನು ತೆಗೆದು ಜೇಬಿಗೆ ಹಾಕಿ. ಅದೇ ಕೈ ಹೊಸದನ್ನು ತರಲಿ. ಇನ್ಸಾಸ್‌ನಲ್ಲಿ ಮ್ಯಾಗಜಿನ್ನಿನ ಮುಂದಿನ ಕೊಕ್ಕೆಯನ್ನು ಮೊದಲು ಸಿಕ್ಕಿಸಿ, ಆಮೇಲೆ ಹಿಂಭಾಗವನ್ನು ಟಕ್ ಅನ್ನುವವರೆಗೆ ಮೇಲಕ್ಕೆ ಎಳೆಯಬೇಕು. ನೇರವಾಗಿ ಗುದ್ದುವವರೇ ಜಾಸ್ತಿ, ಅದು ಕೂರುವುದಿಲ್ಲ. ಕೂತ ಮೇಲೆ ಒಂದು ಸಲ ಕೆಳಗೆ ಜಗ್ಗಿ ನೋಡಿ. ಅರ್ಧ ಕೂತ ಮ್ಯಾಗಜಿನ್ ಮೊದಲ ಗುಂಡು ಹಾರಿದ ಮೇಲೆ ಕಳಚಿ ಬೀಳಬಹುದು. ಬ್ಯಾರೆಲ್‌ನ ಹಿಂದೆ ಗುಂಡು ಕೂರುವ ಚೇಂಬರ್ ಖಾಲಿಯಿದ್ದರೆ ಮಾತ್ರ ಕಾಕ್ ಮಾಡಿ, ಅಂದರೆ ಗುಂಡನ್ನು ಚೇಂಬರ್‌ಗೆ ತಳ್ಳುವ ಬೋಲ್ಟನ್ನು ಹಿಂದಕ್ಕೆ ಎಳೆದು ಬಿಡಿ. ಒಳಗೆ ಗುಂಡಿದ್ದಾಗ ಕಾಕ್ ಮಾಡಿದರೆ ಅದು ಸುಮ್ನೆ ಹೊರಗೆ ಬೀಳುತ್ತದೆ.

ಮಲಗಿದ್ದಾಗ ಉದ್ದದ ಮ್ಯಾಗಜಿನ್ ನೆಲಕ್ಕೆ ತಗಲುತ್ತದೆ. ರೈಫಲನ್ನು ತುಸು ಬಲಕ್ಕೆ ವಾಲಿಸಿ. ಮ್ಯಾಗಜಿನ್ ಕೂರುವ ಜಾಗ ಎಡಗೈ ಕಡೆಗೆ ತಿರುಗುತ್ತದೆ, ಮೊಣಕೈ ಎತ್ತಬೇಕಿಲ್ಲ.

ಸಿನಿಮಾದಲ್ಲಿ ಖಾಲಿ ಮ್ಯಾಗಜಿನ್ ನೆಲಕ್ಕೆ ಬಿಟ್ಟು ಮುಂದೆ ಓಡುತ್ತಾರೆ, ಅಲ್ವಾ? ನೀವು ಹಾಗೆ ಮಾಡಬೇಡಿ. ಅದರ ಬಾಯಿಯ ಅಂಚು ಒಂಚೂರು ಬಾಗಿದರೂ ಗುಂಡು ಓರೆಯಾಗಿ ಏರಿ ಸಿಕ್ಕಿಕೊಳ್ಳುತ್ತದೆ. 1999ರ ಕಾರ್ಗಿಲ್ ಚಳಿಯಲ್ಲಿ ಇನ್ಸಾಸ್‌ನ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು ಬಿರುಕು ಬಿಟ್ಟ ದೂರುಗಳೂ ಬಂದಿದ್ದವು. ಘಟಕದಲ್ಲಿ ಒಪ್ಪಿದರೆ ಒಂದೊಂದರ ತಳಕ್ಕೂ ಬಣ್ಣದಲ್ಲಿ ನಂಬರ್ ಬರೆಸಿ. ಪದೇಪದೇ ಕೈಕೊಡುವುದು ಯಾವುದೆಂದು ತಿಳಿಯುತ್ತದೆ. ಎಣ್ಣೆ ಸುರಿಯುವುದೂ ಬೇಡ, ಧೂಳು ಅಂಟುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ನಮ್ಮೂರಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚುವುದಾದರೆ ಹೊರಮೈಗೆ ಹಚ್ಚಿ. ಮ್ಯಾಗಜಿನ್ನಿನ ಬಾಯಿಗೆ ಪುಡಿ ಬಿದ್ದರೆ ದಸರಾ ಮುಗಿದ ಮೇಲೆ ಅದನ್ನು ಬಿಚ್ಚಿ ತೊಳೆಯುವವರು ನೀವೇ.

ರೈಫಲ್ ಖಾಲಿ ಮಾಡಲು ಉಸ್ತಾದರು ‘ಖಾಲಿ ಕರ್’ ಎಂದಾಗ ಕ್ರಮ ತಪ್ಪಬಾರದು. ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಬೋಲ್ಟ್ ಎಳೆಯಿರಿ. ಹಿಂದುಮುಂದಾದರೆ ಬೋಲ್ಟ್ ಒಂದು ಗುಂಡು ಹೊರಹಾಕಿ ಇನ್ನೊಂದನ್ನು ಚೇಂಬರ್‌ಗೆ ತಳ್ಳುತ್ತದೆ. ನೀವು ಖಾಲಿ ಅಂದುಕೊಂಡ ರೈಫಲ್‌ನಲ್ಲಿ ಗುಂಡಿರುತ್ತದೆ. ಚೇಂಬರನ್ನು ಕಣ್ಣಲ್ಲಿ ನೋಡಿ, ಕತ್ತಲಿದ್ದರೆ ಬೆರಳಿಟ್ಟು ಮುಟ್ಟಿ.

ಕೊನೆಗೆ ಮ್ಯಾಗಜಿನ್‌ಗಳನ್ನು ಎಣಿಸಿ ಕೋತ್‌ಗೆ, ಅಂದರೆ ಆಯುಧ ಇಡುವ ಕೋಣೆಗೆ, ಒಪ್ಪಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೆಂದೇ ಲೆಕ್ಕ. ನೆನಪಿಗೆ ಇರಲಿ ಅಂತ ಖಾಲಿ ಮ್ಯಾಗಜಿನ್ ಒಂದನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ.